1931ರ ಏಪ್ರಿಲ್‌ನ ಮೂರು ದಿನ: ಫ್ರಾನ್ಸೆಸ್ಕ್ ಮಾಸಿಯಾನ ರಾಜಕೀಯ ಜೀವನದ ಬಗ್ಗೆ ಒಂದು ಟಿಪ್ಪಣಿ

1931ರ ಏಪ್ರಿಲ್ 14ರಂದು ಬಾರ್ಸಿಲೋನಾದಲ್ಲಿ ಕ್ಯಾಟಲನ್ ಗಣರಾಜ್ಯವನ್ನು ಸಾರಿದ ಫ್ರಾನ್ಸೆಸ್ಕ್ ಮಾಸಿಯಾ ಅದೇ ತಿಂಗಳ 17ರಂದು ಆ ಹೆಸರನ್ನು ಕೈಬಿಟ್ಟ. ಬದಲಿಗೆ ಸಿಕ್ಕಿದ್ದು ‘ಜೆನೆರಲಿಟಾಟ್’ ಎಂಬ ಹಳೆಯ ಹೆಸರಿನ ಸ್ವಾಯತ್ತ ಸರ್ಕಾರ. ಅವನು ಸೋತು ಶರಣಾದನೆಂದು ಕಟ್ಟಾ ಪ್ರತ್ಯೇಕತಾವಾದಿಗಳು ಅಂದೇ ದೂರಿದರು. ಅವನಿಗೆ ಬೇರೆ ದಾರಿ ಇರಲಿಲ್ಲವೆಂದು ಅಭಿಮಾನಿಗಳು ಸಮರ್ಥಿಸಿದರು. ದೂರುವವರೂ ಸಮರ್ಥಿಸುವವರೂ ಒಂದು ವಿಷಯವನ್ನು ಪರೀಕ್ಷಿಸದೆ ಒಪ್ಪಿಕೊಳ್ಳುತ್ತಾರೆ: 14ರಂದು ಸಾರಿದ್ದು ಪೂರ್ಣ ಸ್ವಾತಂತ್ರ್ಯ ಎಂಬುದು. ಅಂದಿನ ಘೋಷಣೆಯ ಪಾಠಗಳನ್ನೂ ಅವನ ಹಿಂದಿನ ಇಪ್ಪತ್ತೈದು ವರ್ಷಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಈ ಗ್ರಹಿಕೆ ನಿಲ್ಲುವುದಿಲ್ಲ.

ಮಾಸಿಯಾ ಹುಟ್ಟಿದ್ದು 1859ರಲ್ಲಿ, ಬಾರ್ಸಿಲೋನಾದ ನೈರುತ್ಯಕ್ಕಿರುವ ಕರಾವಳಿ ಪಟ್ಟಣ ವಿಲಾನೋವಾ ಇ ಲಾ ಜೆಲ್ತ್ರೂನಲ್ಲಿ. ಗ್ವಾದಲಹಾರಾದ ಸೇನಾ ಎಂಜಿನಿಯರಿಂಗ್ ಅಕಾಡೆಮಿಯಲ್ಲಿ ಕಲಿತು ಸ್ಪೇನಿನ ಸೈನ್ಯ ಸೇರಿದ. ಲೆಯಿದಾ ಪಟ್ಟಣಕ್ಕೆ ವರ್ಗವಾಗಿ ಬಂದವನು ಅಲ್ಲಿನ ಭೂಮಾಲೀಕ ಮನೆತನದ ಎವುಜೇನಿಯಾ ಲಮಾರ್ಕಾಳನ್ನು ಮದುವೆಯಾದ. ಅವನ ಜೀವನಚರಿತ್ರೆಗಳಲ್ಲಿ ಹೆಚ್ಚು ಜಾಗ ಸಿಗದ ಒಂದು ಸಂಗತಿ ಈ ಅವಧಿಗೆ ಸೇರಿದ್ದು. ಫ್ರಾನ್ಸಿನ ಮೋನಿಯೆ ಪೇಟೆಂಟ್ ಬಳಸಿ 1893ರಲ್ಲಿ ಪುಯ್ಗ್ವೆರ್ಡ್ ದಗ್ರಮೂಂಟ್ ಎಂಬ ಹಳ್ಳಿಯಲ್ಲಿ ಅವನು ಕಟ್ಟಿಸಿದ ನೀರಿನ ತೊಟ್ಟಿಯನ್ನು ಸ್ಪೇನಿನ ಮೊದಲ ಬಲವರ್ಧಿತ ಕಾಂಕ್ರೀಟ್ ನಿರ್ಮಾಣಗಳಲ್ಲಿ ಎಣಿಸುತ್ತಾರೆ. ಭಾವುಕ ವೃದ್ಧ ಎಂದು ಎದುರಾಳಿಗಳು ಚಿತ್ರಿಸಿದ ಮನುಷ್ಯ ವೃತ್ತಿಯಲ್ಲಿ ಭಾರ, ಆಧಾರಗಳ ಲೆಕ್ಕ ಹಾಕುವವನಾಗಿದ್ದ ಎಂಬುದು ನೆನಪಿನಲ್ಲಿರಲಿ.

ರಾಜಕೀಯಕ್ಕೆ ಅವನನ್ನು ಎಳೆದದ್ದು ಸ್ವಂತ ಸೈನ್ಯದ ನಡತೆ. 1905ರ ನವೆಂಬರ್‌ನಲ್ಲಿ ‘ಕುಕುತ್’ ಎಂಬ ಕ್ಯಾಟಲನ್ ವಿನೋದ ಪತ್ರಿಕೆಯ ವ್ಯಂಗ್ಯಚಿತ್ರವೊಂದರಿಂದ ಕೆರಳಿದ ಅಧಿಕಾರಿಗಳು ಆ ಪತ್ರಿಕೆಯ ಕಚೇರಿಗೂ ‘ಲಾ ವೆಉ ದೆ ಕತಲೂನ್ಯಾ’ ದಿನಪತ್ರಿಕೆಗೂ ನುಗ್ಗಿ ಧ್ವಂಸ ಮಾಡಿದರು. ಸರ್ಕಾರ ಅವರನ್ನು ಶಿಕ್ಷಿಸಲಿಲ್ಲ; ಸೈನ್ಯವನ್ನೂ ‘ಪಿತೃಭೂಮಿ’ಯನ್ನೂ ನಿಂದಿಸುವವರ ವಿಚಾರಣೆಯನ್ನು ಸೈನಿಕ ನ್ಯಾಯಾಲಯಗಳಿಗೆ ಒಪ್ಪಿಸುವ ಕಾನೂನನ್ನು 1906ರಲ್ಲಿ ತಂದಿತು. ಸಹೋದ್ಯೋಗಿಗಳ ಕೃತ್ಯವನ್ನು ಬೆಂಬಲಿಸಲು ಒಪ್ಪದ ಲೆಫ್ಟಿನೆಂಟ್ ಕರ್ನಲ್ ಮಾಸಿಯಾನನ್ನು ಲೆಯಿದಾದಿಂದ ದೂರದ ಉತ್ತರ ಕರಾವಳಿಗೆ ವರ್ಗ ಮಾಡಿದರು. ಆ ಕಾನೂನಿನ ವಿರುದ್ಧ ಕ್ಯಾಟಲನ್ ಪಕ್ಷಗಳು ಕಟ್ಟಿಕೊಂಡ ‘ಸುಲಿದಾರಿಟಾಟ್ ಕತಲಾನಾ’ ಒಕ್ಕೂಟ 1907ರ ಚುನಾವಣೆಯಲ್ಲಿ ಕ್ಯಾಟಲೋನಿಯಾದ 44 ಸ್ಥಾನಗಳಲ್ಲಿ 41ನ್ನು ಗೆದ್ದಿತು. ಗೆದ್ದವರಲ್ಲಿ ಮಾಸಿಯಾನೂ ಒಬ್ಬ. ಲೆಸ್ ಬೋರ್ಜೆಸ್ ಬ್ಲಾಂಕೆಸ್ ಎಂಬ ಗ್ರಾಮೀಣ ಕ್ಷೇತ್ರ ಅವನನ್ನು 1923ರ ತನಕ ಮತ್ತೆ ಮತ್ತೆ ಮ್ಯಾಡ್ರಿಡ್‌ಗೆ ಆರಿಸಿ ಕಳಿಸಿತು. ಪ್ರತ್ಯೇಕತಾವಾದಿಯಾಗಿ ಅವನು ಮಾಗಿದ್ದು ಆ ಸಂಸತ್ತಿನ ಬೆಂಚಿನ ಮೇಲೆಯೇ, ಅದೂ ನಿಧಾನವಾಗಿ. 1922ರಲ್ಲಿ ‘ಎಸ್ಟಾಟ್ ಕತಲಾ’ (ಕ್ಯಾಟಲನ್ ರಾಜ್ಯ) ಸಂಘಟನೆಯನ್ನು ಸ್ಥಾಪಿಸುವಾಗ ಅವನಿಗೆ ಅರವತ್ತು ದಾಟಿತ್ತು.

1923ರ ಸೆಪ್ಟೆಂಬರ್‌ನಲ್ಲಿ ಪ್ರಿಮೊ ದೆ ರಿವೆರಾ ಸರ್ವಾಧಿಕಾರ ಸ್ಥಾಪಿಸಿದ ಮೇಲೆ ಮಾಸಿಯಾ ಫ್ರಾನ್ಸಿಗೆ ಹೋದ. ಹಣಕ್ಕಾಗಿ ವಲಸೆ ಹೋದ ಕ್ಯಾಟಲನ್ನರಿಗೆ ಸಾಲಪತ್ರ ಮಾರಿದ. ನೆರವು ಕೇಳಲು 1925ರಲ್ಲಿ ಮಾಸ್ಕೋಗೂ ಹೋಗಿಬಂದ. ಅಲ್ಲಿ ಮಾತು ಸಿಕ್ಕಿತು, ಹಣ ಸಿಗಲಿಲ್ಲ. 1926ರ ನವೆಂಬರ್ ಆರಂಭದಲ್ಲಿ ಪಿರನೀಸ್ ಗಡಿಯ ಪ್ರಾಟ್ಸ್ ದೆ ಮೊಲ್ಯೊ ಬಳಿ ಸ್ವಯಂಸೇವಕರನ್ನು ಸೇರಿಸಿ, ಗಡಿ ದಾಟಿ ಓಲೋಟ್ ಪಟ್ಟಣವನ್ನು ಹಿಡಿದು ಗಣರಾಜ್ಯ ಸಾರುವ ಯೋಜನೆ ಹೂಡಿದ. ಒಳಗಿನ ಸುದ್ದಿ ಸೋರಿತ್ತು. ಇಟಲಿಯ ಮಹಾನ್ ಗ್ಯಾರಿಬಾಲ್ಡಿಯ ಮೊಮ್ಮಗ ರಿಚೊಟ್ಟಿ ಗ್ಯಾರಿಬಾಲ್ಡಿ ಸಂಚಿನ ಜೊತೆಗಾರನಂತೆ ನಟಿಸುತ್ತ ಮುಸೊಲಿನಿಯ ಪೊಲೀಸರಿಗೆ ಕೆಲಸ ಮಾಡುತ್ತಿದ್ದ. ಒಂದು ಗುಂಡೂ ಹಾರದೆ ಫ್ರೆಂಚ್ ಪೊಲೀಸರು ನೂರಕ್ಕೂ ಹೆಚ್ಚು ಮಂದಿಯನ್ನು ಹಿಡಿದರು.

ಸೈನಿಕ ಕಾರ್ಯಾಚರಣೆಯಾಗಿ ಇದು ನಗೆಪಾಟಲಿಗೀಡಾಗುವಂಥದ್ದೇ. ಆದರೆ 1927ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ನಡೆದ ವಿಚಾರಣೆ ಇಡೀ ಪ್ರಕರಣದ ಅರ್ಥವನ್ನೇ ಬದಲಿಸಿತು. ವಕೀಲ ಆಂರಿ ತೊರೆಸ್ ಕಟಕಟೆಯನ್ನು ಸರ್ವಾಧಿಕಾರದ ವಿರುದ್ಧದ ವೇದಿಕೆಯಾಗಿಸಿದ. ಎರಡು ತಿಂಗಳ ಸೆರೆ, ನೂರು ಫ್ರಾಂಕ್ ದಂಡ. ಸೆರೆಯ ಅವಧಿ ಆಗಲೇ ಕಳೆದಿತ್ತು. ಕ್ಯಾಟಲೋನಿಯಾ ಎಂಬ ಪ್ರಶ್ನೆಯೊಂದಿದೆಯೆಂದು ಯುರೋಪಿನ ಪತ್ರಿಕೆಗಳು ಬರೆದವು. ಬಿಳಿ ಮೀಸೆಯ ನೀಳ ಮನುಷ್ಯ ಊರಿನಲ್ಲಿ ‘ಲಾವಿ’ ಅಂದರೆ ‘ಅಜ್ಜ’ ಆದ. ನಾಲ್ಕು ವರ್ಷಗಳ ಬಳಿಕ ಅವನು ಗೆದ್ದ ಮತಗಳ ಮೂಲವನ್ನು ಅವನ ಯಾವುದೇ ಪ್ರಣಾಳಿಕೆಗಿಂತ ಮೊದಲು ಇಲ್ಲಿ ಹುಡುಕಬೇಕೆಂದು ನನಗೆ ತೋರುತ್ತದೆ.

ಬೆಲ್ಜಿಯಮ್ಮಿಗೆ ಗಡೀಪಾರಾದ ಮಾಸಿಯಾ ಅಲ್ಲಿಂದ ದಕ್ಷಿಣ ಅಮೆರಿಕಕ್ಕೆ, ಬಳಿಕ ಕ್ಯೂಬಾಕ್ಕೆ ಹೋದ. 1928ರ ಶರತ್ಕಾಲದಲ್ಲಿ ಹವಾನಾದಲ್ಲಿ ಸೇರಿದ ಸಭೆ ಕ್ಯಾಟಲನ್ ಗಣರಾಜ್ಯಕ್ಕೆ ತಾತ್ಕಾಲಿಕ ಸಂವಿಧಾನವೊಂದನ್ನು ಅಂಗೀಕರಿಸಿತು. 1931ರ ನಡೆಯನ್ನು ಅಳೆಯಲು ವಿಮರ್ಶಕರು ಸಾಮಾನ್ಯವಾಗಿ ಬಳಸುವುದು ಈ ಪಠ್ಯವನ್ನೇ. ಆದರೆ ಅದು ವಲಸಿಗರ ಸಂಘಗಳ ಪ್ರತಿನಿಧಿಗಳು ಬರೆದದ್ದು. ಕ್ಯಾಟಲೋನಿಯಾದೊಳಗಿನ ಒಬ್ಬ ಮತದಾರನ ಮುಂದೆಯೂ ಹೋದದ್ದಲ್ಲ. ಎರಡು ವರ್ಷದ ಬಳಿಕ, 1930ರ ಆಗಸ್ಟ್‌ನಲ್ಲಿ, ರಾಜಪ್ರಭುತ್ವ ಉರುಳಿಸಲು ಸ್ಪೇನಿನ ಗಣತಂತ್ರವಾದಿಗಳು ಸಾನ್ ಸೆಬಾಸ್ಟಿಯನ್‌ನಲ್ಲಿ ಸೇರಿದಾಗ ಎಸ್ಟಾಟ್ ಕತಲಾ ಪರವಾಗಿ ವೈದ್ಯ ಜಾವುಮೆ ಅಯ್ಗ್ವಾದೆ ಅಲ್ಲಿದ್ದ. ಕ್ಯಾಟಲನ್ನರು ತಮ್ಮ ಸ್ವಾಯತ್ತತೆಯ ಶಾಸನದ ಕರಡನ್ನು ತಾವೇ ಬರೆಯಬೇಕು, ಕೊನೆಯ ಮಾತು ಸ್ಪೇನಿನ ಸಂಸತ್ತಿನದು ಎಂಬುದು ಅಲ್ಲಿನ ತಿಳಿವಳಿಕೆ. ಸಹಿ ಮಾಡಿದ ದಾಖಲೆ ಇಲ್ಲ, ಭಾಗವಹಿಸಿದವರ ನೆನಪುಗಳು ಒಂದನ್ನೊಂದು ಪೂರ್ತಿ ಹೋಲುವುದೂ ಇಲ್ಲ. ಹಾಗಿದ್ದರೂ ಮಾಸಿಯಾನ ಸಂಘಟನೆ ಆ ಮೇಜಿನಲ್ಲಿ ಕೂತಿತ್ತು ಎಂಬುದು ನಿರ್ವಿವಾದ.

1931ರ ಫೆಬ್ರವರಿಯಲ್ಲಿ ಅವನು ಊರಿಗೆ ಮರಳಿದ. ಮಾರ್ಚ್‌ನಲ್ಲಿ ಎಸ್ಟಾಟ್ ಕತಲಾ, ಲ್ಯುಯಿಸ್ ಕುಂಪಾನ್ಸ್ ಮುಖಂಡನಾಗಿದ್ದ ಪಕ್ಷ ಮತ್ತು ‘ಲುಪಿನಿಯೊ’ ವಾರಪತ್ರಿಕೆಯ ಗುಂಪು ಸೇರಿ ಎಸ್ಕೆರ್ರಾ ರೆಪುಬ್ಲಿಕಾನಾ ಪಕ್ಷವಾಯಿತು. ಏಪ್ರಿಲ್ 12ರ ನಗರಸಭಾ ಚುನಾವಣೆಯಲ್ಲಿ ಈ ಎಳೆಯ ಪಕ್ಷ ಬಾರ್ಸಿಲೋನಾವನ್ನು ಗೆದ್ದಾಗ ಗೆದ್ದವರೇ ಬೆರಗಾದರು. 14ರ ಮಧ್ಯಾಹ್ನ ಕುಂಪಾನ್ಸ್ ಪುರಭವನದ ಮೇಲೆ ಗಣರಾಜ್ಯದ ಬಾವುಟ ಹಾರಿಸಿದ. ಸ್ವಲ್ಪ ಹೊತ್ತಿನಲ್ಲಿ ಬಂದ ಮಾಸಿಯಾ ಅದೇ ಉಪ್ಪರಿಗೆಯಿಂದ ತನ್ನ ಘೋಷಣೆ ಮಾಡಿದ. ಮ್ಯಾಡ್ರಿಡ್‌ನಲ್ಲಿ ಇನ್ನೂ ಅಧಿಕಾರ ಹಸ್ತಾಂತರವಾಗಿರಲಿಲ್ಲ.

ಆ ದಿನ ಅವನ ಬಾಯಿಂದ, ಲೇಖನಿಯಿಂದ ಹೊರಟ ಪಾಠಗಳು ಒಂದೇ ರೀತಿ ಇಲ್ಲ. ಒಂದರಲ್ಲಿ ಕ್ಯಾಟಲನ್ ರಾಜ್ಯವನ್ನು ಸಾರಿ, ಐಬೀರಿಯಾದ ಜನಾಂಗಗಳ ಮಹಾಮೈತ್ರಿಯೊಂದನ್ನು ಕಟ್ಟಲು ಸ್ಪೇನಿನ ಇತರ ಜನರ ಸಹಕಾರವನ್ನು ಕೋರುತ್ತಾನೆ. ಸಹಿ ಹಾಕಿದ ಇನ್ನೊಂದರಲ್ಲಿ ಕ್ಯಾಟಲನ್ ಗಣರಾಜ್ಯವು ಐಬೀರಿಯನ್ ಒಕ್ಕೂಟದ ಅಂಗರಾಜ್ಯ. ಸಡಿಲ ಮೈತ್ರಿಗೂ ಒಕ್ಕೂಟಕ್ಕೂ ಸಂವಿಧಾನದ ದೃಷ್ಟಿಯಲ್ಲಿ ಅಂತರ ದೊಡ್ಡದೇ. ಕೆಲವೇ ಗಂಟೆಗಳಲ್ಲಿ ಅವನು ಅದನ್ನು ದಾಟಿಬಿಟ್ಟಿದ್ದ. ಆದರೆ ಇವೆರಡರಲ್ಲಿ ಯಾವ ಪಾಠವೂ ಐಬೀರಿಯಾವನ್ನು ಬಿಟ್ಟಿಲ್ಲ. ಜೊತೆಗೆ ಅವನು ಸುಮ್ಮನೆ ಘೋಷಿಸಿ ಕೂರಲಿಲ್ಲ. ಗಣತಂತ್ರವಾದಿ ಜನರಲ್ ಲೋಪೆಸ್ ಒಚೋವಾನನ್ನು ಕ್ಯಾಟಲೋನಿಯಾದ ಸೇನಾಪಡೆಗಳ ಮುಖ್ಯಸ್ಥನಾಗಿ ನೇಮಿಸಿದ. ಕುಂಪಾನ್ಸ್ ಗವರ್ನರ್ ಕಚೇರಿಯನ್ನು ವಶಕ್ಕೆ ತೆಗೆದುಕೊಂಡ. ಮಾಜಿ ಲೆಫ್ಟಿನೆಂಟ್ ಕರ್ನಲ್‌ಗೆ ದಂಡಿನ ಬೆಲೆ ಗೊತ್ತಿತ್ತು.

17ರಂದು ಮ್ಯಾಡ್ರಿಡ್‌ನಿಂದ ಮೂವರು ಮಂತ್ರಿಗಳು ವಿಮಾನದಲ್ಲಿ ಬಂದರು: ಮರ್ಸೆಲಿ ದುಮಿಂಗೊ, ನಿಕುಲಾವು ದೊಲ್ವೆರ್, ಫೆರ್ನಾಂದೊ ದೆ ಲೊಸ್ ರಿಯೊಸ್. ಮೊದಲಿಬ್ಬರು ಕ್ಯಾಟಲನ್ನರೇ, ಆಯ್ಕೆ ಬುದ್ಧಿವಂತಿಕೆಯದು. ಮಾತುಕತೆಯ ಫಲವಾಗಿ ಗಣರಾಜ್ಯ ಎಂಬ ಹೆಸರು ಹೋಯಿತು. ಅದರ ಬದಲಿಗೆ ಮಾಸಿಯಾ ಪಡೆದದ್ದು ಒಂದು ಸರ್ಕಾರವನ್ನು, ಜೊತೆಗೆ ಶಾಸನದ ಕರಡು ಬರೆಯುವ ಹಕ್ಕು ಕ್ಯಾಟಲನ್ನರದೇ ಎಂಬ ಖಾತರಿಯನ್ನು. ಸಾನ್ ಸೆಬಾಸ್ಟಿಯನ್‌ನಲ್ಲಿ ಮಾತಿನಲ್ಲಷ್ಟೇ ಇದ್ದದ್ದು ಈಗ ಅಧಿಕಾರದಲ್ಲಿರುವ ಸರ್ಕಾರದ ಹೊಣೆಯಾಯಿತು. ಗಣರಾಜ್ಯವೆಂಬ ಹೆಸರನ್ನು ಅವನು ಚೌಕಾಸಿಗೆ ಇಟ್ಟಿದ್ದನೆಂದೇ ನನ್ನ ಓದು. ಅವನಿಗೆ ಆ ದಿನ ನೋವಾಗಿರಬೇಕು ಎಂಬುದನ್ನು ಇದು ಅಲ್ಲಗಳೆಯುವುದಿಲ್ಲ.

ನಿಜವಾದ ನಷ್ಟ ಕಾಣುವುದು ಏಪ್ರಿಲ್‌ನಲ್ಲಲ್ಲ, ಮುಂದಿನ ವರ್ಷ. ಪಿರನೀಸ್‌ನ ನೂರಿಯಾದಲ್ಲಿ ಬರೆದ ಕರಡು ಕ್ಯಾಟಲೋನಿಯಾವನ್ನು ಸ್ಪೇನಿನ ಗಣರಾಜ್ಯದೊಳಗಿನ ‘ಸ್ವಾಯತ್ತ ರಾಜ್ಯ’ ಎಂದು ಕರೆದಿತ್ತು. 1931ರ ಆಗಸ್ಟ್ 2ರ ಜನಮತಗಣನೆಯಲ್ಲಿ ಸುಮಾರು ಮುಕ್ಕಾಲು ಪಾಲು ಮತದಾರರು ಮತ ಹಾಕಿದರು, ಹಾಕಿದವರಲ್ಲಿ ಶೇ. 99ರಷ್ಟು ಮಂದಿ ಒಪ್ಪಿದರು. ಮತದ ಹಕ್ಕಿಲ್ಲದ ಹೆಂಗಸರು ನಾಲ್ಕು ಲಕ್ಷಕ್ಕೂ ಮಿಕ್ಕಿ ಸಹಿಗಳನ್ನು ಸಂಗ್ರಹಿಸಿ ಬೆಂಬಲ ಸೂಚಿಸಿದರು. ಮ್ಯಾಡ್ರಿಡ್‌ನ ಸಂಸತ್ತು ಈ ಕರಡನ್ನು ತಿಂಗಳುಗಟ್ಟಲೆ ಕೆತ್ತಿತು. ಚಿಂತಕ ಒರ್ತೇಗಾ, ಕ್ಯಾಟಲನ್ ಸಮಸ್ಯೆ ಬಗೆಹರಿಯುವಂಥದ್ದಲ್ಲ, ಹೊಂದಿಕೊಂಡು ಬಾಳಬೇಕಷ್ಟೇ ಎಂದು ವಾದಿಸಿದ. ಪ್ರಧಾನಿ ಅಸಾನ್ಯಾ ಅದಕ್ಕೆ ರಾಜಕೀಯ ಪರಿಹಾರ ಉಂಟೆಂದು ಉತ್ತರಿಸಿದ. 1932ರ ಆಗಸ್ಟ್‌ನಲ್ಲಿ ಗಣರಾಜ್ಯದ ವಿರುದ್ಧ ಜನರಲ್ ಸಾನ್‌ಹುರ್ಹೊ ಎಬ್ಬಿಸಿದ ದಂಗೆ ವಿಫಲವಾಗದಿದ್ದರೆ ಚರ್ಚೆ ಇನ್ನೂ ಎಳೆಯುತ್ತಿತ್ತು. 1932ರ ಸೆಪ್ಟೆಂಬರ್ 9ರಂದು ಶಾಸನ 314 ಮತಗಳಿಂದ, 24ರ ವಿರೋಧದಲ್ಲಿ ಅಂಗೀಕಾರವಾದಾಗ ‘ಸ್ವಾಯತ್ತ ರಾಜ್ಯ’ ಹೋಗಿ ‘ಸ್ವಾಯತ್ತ ಪ್ರದೇಶ’ ಬಂದಿತ್ತು. ತೆರಿಗೆ, ಶಿಕ್ಷಣದ ಅಧಿಕಾರಗಳು ಕುಗ್ಗಿದ್ದವು. ಮಾಸಿಯಾ ಇದನ್ನೂ ಒಪ್ಪಿಕೊಂಡ. ದೂರುವವರು ದೂರಬೇಕಾದದ್ದು ಈ ಒಪ್ಪಿಗೆಯನ್ನು.

ಡಿಸೆಂಬರ್‌ನಲ್ಲಿ ಕ್ಯಾಟಲೋನಿಯಾದ ಹೊಸ ಪಾರ್ಲಿಮೆಂಟು ಅವನನ್ನು ಜೆನೆರಲಿಟಾಟ್‌ನ ಅಧ್ಯಕ್ಷನಾಗಿ ಆರಿಸಿತು. ಪ್ರತಿ ಕುಟುಂಬಕ್ಕೊಂದು ಪುಟ್ಟ ಮನೆ, ಪುಟ್ಟ ಹಿತ್ತಲು ಎಂಬ ಅವನ ಭರವಸೆಯನ್ನು ಪಂಡಿತರು ಲೇವಡಿ ಮಾಡಿದರು. ಅದೇ ಹೊತ್ತಿಗೆ ಲ ಕೊರ್ಬೂಸಿಯೆ ಮತ್ತು ಕ್ಯಾಟಲನ್ ಯುವ ವಾಸ್ತುಶಿಲ್ಪಿಗಳು ಬಾರ್ಸಿಲೋನಾಕ್ಕಾಗಿ ರೂಪಿಸುತ್ತಿದ್ದ ನಗರ ಯೋಜನೆಗೆ ಅವನದೇ ಹೆಸರು ಬಿತ್ತು. ಅದು ಕಾಗದದಲ್ಲೇ ಉಳಿಯಿತು. 1933ರ ಡಿಸೆಂಬರ್ 25ರಂದು ಅವನು ತೀರಿಕೊಂಡ.

ಮಾಸಿಯಾನ ಘೋಷಣೆಯೊಂದಿಗೆ ಹೋಲಿಸಲು ಅವನ ಉತ್ತರಾಧಿಕಾರಿ ಕುಂಪಾನ್ಸ್‌ನ ಘೋಷಣೆ ಸಿಗುತ್ತದೆ. 1934ರ ಅಕ್ಟೋಬರ್ 6ರಂದು ಅವನೂ ಕ್ಯಾಟಲನ್ ರಾಜ್ಯವನ್ನು ಸಾರಿದ, ಸ್ಪೇನಿನ ಒಕ್ಕೂಟ ಗಣರಾಜ್ಯದ ಒಳಗೆ. ಪದಗಳಲ್ಲಿ ಇದು 1931ರ ಪಾಠಕ್ಕಿಂತ ಸೌಮ್ಯ. ಈ ಸಲ ಮ್ಯಾಡ್ರಿಡ್‌ನಲ್ಲಿ ಗಟ್ಟಿ ಕೂತ ಸರ್ಕಾರವಿತ್ತು, ಬಾರ್ಸಿಲೋನಾದ ದಂಡು ಕುಂಪಾನ್ಸ್‌ನ ಮಾತು ಕೇಳುವುದಾಗಿರಲಿಲ್ಲ. ಸ್ವತಃ ಕ್ಯಾಟಲನ್ನನಾದ ಜನರಲ್ ಬತೆಟ್ ಫಿರಂಗಿ ತರಿಸಿ ಜೆನೆರಲಿಟಾಟ್ ಭವನವನ್ನು ಸುತ್ತುವರಿದ. ಬೆಳಗಾಗುವುದರೊಳಗೆ ಕುಂಪಾನ್ಸ್ ಶರಣಾದ, ಶಾಸನ ಅಮಾನತಾಯಿತು.