ಅಡ್ಡಹೆಸರು ಒಂದೇ ಆದರೆ ವಂಶವೂ ಒಂದೇನಾ? ಪೂರ್ವಜರನ್ನು ಹುಡುಕುವ ಮುನ್ನ ಇದನ್ನು ಓದಿ

“ಈ ಅಡ್ಡಹೆಸರಿನವರೆಲ್ಲ ವಿಜಯನಗರದ ಅರಸರ ವಂಶದವರು. ನಮ್ಮವರಿಗೆಲ್ಲ ಶೇರ್ ಮಾಡಿ.” ಇಂಥ ಸಂದೇಶ ಕುಟುಂಬದ ವಾಟ್ಸ್ಆ್ಯಪ್ ಗ್ರೂಪಿಗೆ ಬಂದರೆ ಯಾರಿಗಾದರೂ ಖುಷಿಯಾಗುತ್ತದೆ. ಆದರೆ ಅಡ್ಡಹೆಸರು, ಗೋತ್ರ, ಡಿಎನ್‌ಎ ಪರೀಕ್ಷೆಗಳಿಂದ ನಿಜವಾಗಿ ಏನು ಗೊತ್ತಾಗುತ್ತದೆ?

ಅಡ್ಡಹೆಸರು ಏನು ಹೇಳುತ್ತದೆ?

ಪಾಟೀಲ, ಕುಲಕರ್ಣಿ, ದೇಸಾಯಿ ಇವೆಲ್ಲ ಮೂಲದಲ್ಲಿ ಹುದ್ದೆಗಳ ಹೆಸರುಗಳು. ಊರೂರಿಗೂ ಬೇರೆ ಬೇರೆ ಮನೆತನದವರು ಆ ಕೆಲಸ ಮಾಡುತ್ತಿದ್ದರು. ಹಾಗಾಗಿ ಇಬ್ಬರು ಪಾಟೀಲರು ರಕ್ತಸಂಬಂಧಿಗಳೇ ಆಗಿರಬೇಕಿಲ್ಲ. ಊರಿನಿಂದ ಬಂದ ಅಡ್ಡಹೆಸರು ಆ ಊರಿನ ನಂಟನ್ನು ಮಾತ್ರ ಹೇಳುತ್ತದೆ. ಹಳೆ ಮೈಸೂರು ಭಾಗದಲ್ಲಿ ಅನೇಕರಿಗೆ ಅಡ್ಡಹೆಸರೇ ಇಲ್ಲ, ಊರು ಮತ್ತು ತಂದೆಯ ಹೆಸರಿನ ಇನಿಷಿಯಲ್ ಇರುತ್ತದೆ.

ಗೋತ್ರವೂ ರಕ್ತಸಂಬಂಧಕ್ಕೆ ಸಾಕ್ಷಿಯಲ್ಲ. ಪುರೋಹಿತರ ಗೋತ್ರವನ್ನೇ ತಮ್ಮ ಗೋತ್ರವೆಂದು ಹೇಳಿಕೊಳ್ಳುವ ಪದ್ಧತಿಯೂ ಇತ್ತು. ಇನ್ನು ತುಳುನಾಡಿನ ಅಳಿಯಸಂತಾನ ಕಟ್ಟಿನಲ್ಲಿ ‘ಬಳಿ’ ಬರುವುದು ತಾಯಿಯಿಂದ. ಅಲ್ಲಿ ತಂದೆಯ ಕಡೆಯಿಂದಷ್ಟೇ ಹುಡುಕಿದರೆ ದಾರಿ ತಪ್ಪುತ್ತದೆ.

ಲೆಕ್ಕ ಹಾಕಿ ನೋಡಿ

ನಿಮಗೆ ತಂದೆ-ತಾಯಿ 2, ಅಜ್ಜ-ಅಜ್ಜಿಯರು 4, ಅವರ ತಂದೆ-ತಾಯಿ 8. ಹೀಗೆ 10 ತಲೆಮಾರು ಹಿಂದೆ ಹೋದರೆ 1,024 ಪೂರ್ವಜರು. ಒಂದು ತಲೆಮಾರಿಗೆ 25 ವರ್ಷ ಎಂದುಕೊಂಡರೆ, ಕೃಷ್ಣದೇವರಾಯನ ಕಾಲಕ್ಕೆ ಸುಮಾರು 20 ತಲೆಮಾರು. ಅಲ್ಲಿ ನಿಮ್ಮ ವಂಶವೃಕ್ಷದಲ್ಲಿ 10 ಲಕ್ಷಕ್ಕೂ ಹೆಚ್ಚು ಸ್ಥಾನಗಳಿರುತ್ತವೆ!

ಅಷ್ಟೂ ಮಂದಿ ಬೇರೆ ಬೇರೆಯವರಲ್ಲ. ಉದಾಹರಣೆಗೆ, ಸೋದರಮಾವನ ಮಗಳನ್ನು ಮದುವೆಯಾದವರ ಮಕ್ಕಳಿಗೆ 8 ಮುತ್ತಜ್ಜ-ಮುತ್ತಜ್ಜಿಯರ ಬದಲು 6 ಮಂದಿ ಇರುತ್ತಾರೆ. ಹೀಗೆ ಒಬ್ಬರೇ ಎರಡು ಮೂರು ಕಡೆ ಬರುತ್ತಾರೆ. ಅಡ್ಡಹೆಸರು ಈ ಲಕ್ಷಾಂತರ ಸ್ಥಾನಗಳಲ್ಲಿ ಒಂದೇ ಒಂದು ಎಳೆಯನ್ನು ತೋರಿಸುತ್ತದೆ. ಅದರಿಂದ ಇಡೀ ವಂಶದ ಕಥೆ ಹೇಳಲಾಗದು.

ಡಿಎನ್‌ಎ ಪರೀಕ್ಷೆ ಮಾಡಿಸಿದರೆ?

ವೈ ಕ್ರೋಮೋಸೋಮ್ ತಂದೆಯಿಂದ ಮಗನಿಗೆ ಮಾತ್ರ ಹೋಗುತ್ತದೆ. ಮೈಟೋಕಾಂಡ್ರಿಯಾದ ಡಿಎನ್‌ಎ ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಇವೂ ಒಂದೊಂದೇ ಎಳೆಯ ಮಾಹಿತಿ ಕೊಡುತ್ತವೆ.

ಉಳಿದ ಡಿಎನ್‌ಎ ಎರಡೂ ಕಡೆಯಿಂದ ಅರ್ಧರ್ಧ ಬರುತ್ತದೆ. ಅಣ್ಣ-ತಮ್ಮಂದಿರ ಮಕ್ಕಳ ನಡುವೆ ಸರಾಸರಿ ಶೇ 12.5ರಷ್ಟು ಹೊಂದಿಕೆ ಇರುತ್ತದೆ. ಸಂಬಂಧ ದೂರವಾದಂತೆ ಇದು ಬೇಗ ಕರಗುತ್ತದೆ, ನಿಜವಾದ ದೂರದ ಸಂಬಂಧಿಗಳಲ್ಲೂ ಹೊಂದಿಕೆ ಕಾಣದೇ ಹೋಗಬಹುದು. ತಲೆಮಾರುಗಳಿಂದ ಒಳಗೊಳಗೇ ಮದುವೆ ನಡೆದ ಸಮುದಾಯಗಳಲ್ಲಿ ಇದರ ಉಲ್ಟಾ ಆಗುತ್ತದೆ. ದೂರದವರೂ ಹತ್ತಿರದ ಸಂಬಂಧಿಗಳಂತೆ ಕಾಣುತ್ತಾರೆ. ಅಂದರೆ ಡಿಎನ್‌ಎ ಒಂದು ಸುಳಿವು. ಅದು ಮುತ್ತಜ್ಜನ ಹೆಸರು, ಊರು ಹೇಳುವುದಿಲ್ಲ.

ಹಾಗಾದರೆ ಹುಡುಕುವುದು ಹೇಗೆ?

• ಇಂದಿನಿಂದ ಹಿಂದಕ್ಕೆ ಹೋಗಿ. ರಾಜನಿಂದ ಶುರು ಮಾಡಿ ನಿಮ್ಮವರೆಗೆ ಬರಬೇಡಿ.

• ಮನೆಯ ಹಿರಿಯರನ್ನು ಮೊದಲು ಮಾತನಾಡಿಸಿ, ಅವರ ಅನುಮತಿ ಪಡೆದು ಫೋನಿನಲ್ಲಿ ರೆಕಾರ್ಡ್ ಮಾಡಿ. ಅಜ್ಜಿಯ ತವರೂರು, ಮನೆದೇವರು, ಊರು ಬಿಟ್ಟ ಕಾರಣ ಕೇಳಿ. ಕಾಗದಪತ್ರ ಕಾಯುತ್ತವೆ, ಹಿರಿಯರ ನೆನಪು ಕಾಯುವುದಿಲ್ಲ.

• ಶಾಲೆಯ ದಾಖಲಾತಿ ಪುಸ್ತಕ, ಜನನ-ಮರಣ ನೋಂದಣಿ, ಹಳೆಯ ಪಹಣಿ, ಮ್ಯುಟೇಷನ್, ಕ್ರಯಪತ್ರ ಹುಡುಕಿ. ಜಮೀನು ತಂದೆಯಿಂದ ಮಕ್ಕಳ ಹೆಸರಿಗೆ ಬಂದ ಮ್ಯುಟೇಷನ್‌ನಲ್ಲಿ ಎರಡು ತಲೆಮಾರಿನ ಕೊಂಡಿ ಸಿಗುತ್ತದೆ. ಮುಂಬೈ ಕರ್ನಾಟಕದ ಹಳೆಯ ದಾಖಲೆಗಳು ಮೋಡಿ ಲಿಪಿಯಲ್ಲಿ, ಹೈದರಾಬಾದ್ ಕರ್ನಾಟಕದವು ಉರ್ದುವಿನಲ್ಲಿ ಇರಬಹುದು.

• ಉತ್ತರ ಕರ್ನಾಟಕದವರಾದರೆ ಹೆಳವರನ್ನು ಕೇಳಿ. ಮನೆಮನೆಗೆ ಬಂದು ವಂಶಾವಳಿ ಹೇಳುವುದು ಅವರ ಕುಲಕಸುಬು. ಆದರೆ ಅವರು ಹೇಳಿದ್ದನ್ನೂ ಇತರ ದಾಖಲೆಗಳೊಂದಿಗೆ ತಾಳೆ ನೋಡಿ.

• ಒಂದೇ ಹೆಸರಿನವರ ಬಗ್ಗೆ ಎಚ್ಚರ! ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದ ಇಬ್ಬರು ಬಸಪ್ಪಂದಿರು ಒಬ್ಬರೇ ಆಗಿಬಿಡುತ್ತಾರೆ. ಇಸವಿ, ಸರ್ವೆ ನಂಬರ್, ಹೆಂಡತಿಯ ಹೆಸರು ನೋಡಿ ಬೇರ್ಪಡಿಸಿ.

• ಪ್ರತಿ ಕೊಂಡಿಯ ಪಕ್ಕದಲ್ಲೂ ‘ದಾಖಲೆ ಇದೆ’, ‘ಹಿರಿಯರು ಹೇಳಿದ್ದು’, ‘ಊಹೆ’ ಎಂದು ಬರೆದಿಡಿ. ಗೊತ್ತಿಲ್ಲದ ಜಾಗವನ್ನು ಖಾಲಿ ಬಿಡಿ.

ಹೆಣ್ಣುಮಕ್ಕಳ ಹೆಸರು ಎಲ್ಲಿ?

ಅನೇಕ ಮನೆಗಳ ವಂಶವೃಕ್ಷದಲ್ಲಿ ಗಂಡುಮಕ್ಕಳಷ್ಟೇ ಇರುತ್ತಾರೆ. ಮದುವೆಯಾಗಿ ಹೋದ ಮಗಳ ಹೆಸರು ಬಿಟ್ಟರೆ ಮರದ ಅರ್ಧ ಕೊಂಬೆಗಳನ್ನೇ ಕಡಿದಂತೆ. ಇದು ಬರೀ ಇತಿಹಾಸದ ಮಾತಲ್ಲ. ಪೌತಿ ಖಾತೆಗೆ, ಆಸ್ತಿ ಪಾಲಿಗೆ ನಾಡಕಚೇರಿಯಿಂದ ವಂಶವೃಕ್ಷ ದೃಢೀಕರಣ ಪತ್ರ ಬೇಕಾಗುತ್ತದೆ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆದ ತಿದ್ದುಪಡಿಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಅಲ್ಲಿ ಒಂದು ಹೆಸರು ಬಿಟ್ಟುಹೋದರೆ ಒಬ್ಬರ ಪಾಲೇ ಕೈತಪ್ಪಬಹುದು.

ಫಾರ್ವರ್ಡ್ ಮಾಡುವ ಮುನ್ನ

ನಿಮ್ಮ ವಂಶದ ಬಗ್ಗೆ ಸಂದೇಶ ಬಂದರೆ ಮೂರು ಪ್ರಶ್ನೆ ಕೇಳಿ: ಯಾವ ದಾಖಲೆ ಆಧಾರ? ನಡುವಿನ ಪ್ರತಿ ತಲೆಮಾರಿನ ಹೆಸರೂ ಇದೆಯೇ? ಹಣ, ಆಧಾರ್ ಅಥವಾ ಒಟಿಪಿ ಕೇಳುತ್ತಿದ್ದಾರೆಯೇ? ಮೊದಲ ಎರಡಕ್ಕೆ ಉತ್ತರ ಸಿಗದಿದ್ದರೆ ಅದು ಕಥೆ ಮಾತ್ರ. ಮೂರನೆಯದಕ್ಕೆ ‘ಹೌದು’ ಎಂದಾದರೆ ಆ ಸಂದೇಶವನ್ನು ಅಲ್ಲೇ ಅಳಿಸಿಬಿಡಿ.