ಲಿಥಿಯಂ-ಅಯಾನ್ ಬ್ಯಾಟರಿ: ಅನುಕೂಲವೇನು, ಅನಾನುಕೂಲವೇನು?

ದೇಶದ ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ಬಾಂಬೆ ವಿಟಿಯಿಂದ ಕುರ್ಲಾಕ್ಕೆ ಓಡಿದ್ದು ತಂತಿಯ ವಿದ್ಯುತ್ತಿನಿಂದ. ಇಂದು ಕುರ್ಲಾ ರಸ್ತೆಯ ಬೆಸ್ಟ್ ಎಲೆಕ್ಟ್ರಿಕ್ ಬಸ್‌ಗಳು ವಿದ್ಯುತ್ತನ್ನು ಲಿಥಿಯಂ-ಅಯಾನ್ ಬ್ಯಾಟರಿಯಲ್ಲಿ ಹೊತ್ತು ಓಡುತ್ತವೆ.

ಅನುಕೂಲಗಳು: ಕಡಿಮೆ ತೂಕದಲ್ಲಿ ಹೆಚ್ಚು ವಿದ್ಯುತ್ ಸಂಗ್ರಹ. ಬಳಸದೆ ಇಟ್ಟರೂ ಚಾರ್ಜ್ ಬೇಗ ಇಳಿಯದು. ಸೀಸದ ಬ್ಯಾಟರಿಗಿಂತ ಬಾಳಿಕೆ ಹೆಚ್ಚು.

ಅನಾನುಕೂಲಗಳು: ಬೆಲೆ ಹೆಚ್ಚು. ಬಿಸಿಲಿಗೆ ಆಯುಸ್ಸು ಕುಗ್ಗುತ್ತದೆ. ಒಳಗಿನ ದ್ರವ ಹೊತ್ತಿಕೊಳ್ಳುವಂಥದ್ದು. ಒಂದು ಸೆಲ್ ವಿಪರೀತ ಬಿಸಿಯಾದರೆ ಪಕ್ಕದ ಸೆಲ್‌ಗಳಿಗೂ ಬೆಂಕಿ ಹರಡಬಹುದು. 2022ರ ಸೆಪ್ಟೆಂಬರ್‌ನಲ್ಲಿ ಮುಂಬೈ ಸಮೀಪದ ವಸಾಯಿಯಲ್ಲಿ, ಮನೆಯೊಳಗೆ ಚಾರ್ಜ್‌ಗೆ ಇಟ್ಟಿದ್ದ ಸ್ಕೂಟರ್ ಬ್ಯಾಟರಿ ಸ್ಫೋಟಿಸಿ 7 ವರ್ಷದ ಬಾಲಕ ಮೃತಪಟ್ಟಿದ್ದ.

ಒಂದೇ ಕೋಣೆಯ ಮನೆಯಾದರೆ ಎಚ್ಚರ ಇನ್ನೂ ಹೆಚ್ಚಿರಲಿ. ಮಲಗುವ ಜಾಗದಲ್ಲಿ, ಬಾಗಿಲ ಬಳಿ ಚಾರ್ಜ್‌ಗೆ ಇಡಬೇಡಿ. ವಾಹನದ ಜತೆ ಬಂದ ಚಾರ್ಜರನ್ನೇ ಬಳಸಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಲೇಬೇಡಿ.