ಫೈಬರ್ ಮೈಯ ಹಳೆಯ ಕಾರುಗಳಲ್ಲಿ ಹೆಡ್‌ಲೈಟ್ ದೋಷ

ಹಳೆಯ ಸ್ಪೋರ್ಟ್ಸ್ ಕಾರಿನ ಹೆಡ್‌ಲೈಟ್ ಮಂಕಾಗುವುದು, ಗುಂಡಿ ಹಾರಿದಾಗ ಮಿಣುಕುವುದು, ಒಂದು ಬದಿ ಮಾತ್ರ ಉರಿಯುವುದು ಸಾಮಾನ್ಯ. ಅನೇಕರು ಮೊದಲು ಬಲ್ಬ್ ಬದಲಿಸುತ್ತಾರೆ. ತೊಂದರೆ ಇರುವುದು ಬಹುಪಾಲು ಬಲ್ಬಿಗೆ ಕರೆಂಟು ಹೋಗಿ ಮರಳುವ ದಾರಿಯಲ್ಲಿ. ಮರಳುವ ದಾರಿಗೆ ಗ್ಯಾರೇಜಿನವರು ಅರ್ಥ್ ಎನ್ನುತ್ತಾರೆ. ತಗಡಿನ ಕಾರಿನಲ್ಲಿ ಇಡೀ ಮೈಯೇ ಅರ್ಥ್. ಒಂದು ಸ್ಕ್ರೂ ಬಿಗಿದರೆ ಕೆಲಸ ಮುಗಿಯಿತು. ಫೈಬರ್‌ಗ್ಲಾಸ್ ಮೈಯಲ್ಲಿ ಕರೆಂಟು ಹರಿಯದು. ಅಲ್ಲಿ ಪ್ರತಿ ದೀಪಕ್ಕೂ ಬೇರೆ ಅರ್ಥ್ ವೈರು ಬೇಕು, ಆ ವೈರಿನ ತುದಿಯೇ ಕಾರಿನ ಅತಿ ದುರ್ಬಲ ಜಾಗ.

ಕರ್ನಾಟಕದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಬೆಂಗಳೂರಿನ ಸಿಪಾನಿ ಡಾಲ್ಫಿನ್. ಸನ್‌ರೈಸ್ ಆಟೋ ಇಂಡಸ್ಟ್ರೀಸ್ 1982ರಲ್ಲಿ ಹೊರತಂದ ಈ ಪುಟ್ಟ ಕಾರು ಬ್ರಿಟನ್ನಿನ ರಿಲಯಂಟ್ ಕಿಟನ್ನಿನ ಭಾರತೀಯ ರೂಪ. 848 ಸಿಸಿಯ ಅಲ್ಯೂಮಿನಿಯಂ ಎಂಜಿನ್, ಹಿಂಚಕ್ರ ಚಾಲನೆ, ಫೈಬರ್‌ಗ್ಲಾಸ್ ಮೈ. ಮನೆಮಂದಿಯ ಕಾರೆಂದೇ ಮಾರಾಟವಾದರೂ ತೂಕ ಕಡಿಮೆಯಿದ್ದುದರಿಂದ ಮದ್ರಾಸಿನ ಬಳಿಯ ಶೋಳಾವರಂ ರೇಸಿನವರೂ ರ‍್ಯಾಲಿ ಓಡಿಸುವವರೂ ಇದನ್ನು ಮೆಚ್ಚಿದರು. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಸ್ಯಾನ್ ಎಂಜಿನಿಯರಿಂಗ್ ಬಳಗ ಗೋವಾದಲ್ಲಿ ತಯಾರಿಸಿದ ಸ್ಯಾನ್ ಸ್ಟಾರ್ಮ್ ಎರಡು ಸೀಟಿನ ನಿಜವಾದ ಸ್ಪೋರ್ಟ್ಸ್ ಕಾರು. ಅದರದ್ದೂ ಫೈಬರ್ ಮೈಯೇ. ಎರಡೂ ಈಗ ಸಂಗ್ರಾಹಕರ ಆಸ್ತಿ.

55 ವ್ಯಾಟಿನ ಡಿಮ್ ತಂತು 12 ವೋಲ್ಟಿನಲ್ಲಿ ಸುಮಾರು 4.6 ಆಂಪಿಯರ್ ಎಳೆಯುತ್ತದೆ. ದಾರಿಯಲ್ಲಿ ಎಲ್ಲೋ ಕಾಲು ಓಮ್ ರೋಧ ಸೇರಿಕೊಂಡರೆ ಸುಮಾರು ಒಂದು ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಒಂದು ವೋಲ್ಟ್ ತಾನೇ ಎನ್ನುವಂತಿಲ್ಲ. ಹ್ಯಾಲೋಜನ್ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ಬೇಗ ಕುಸಿಯುತ್ತದೆ: ವೋಲ್ಟೇಜ್ ಹತ್ತರಲ್ಲಿ ಒಂದು ಪಾಲು ಇಳಿದರೆ ಬೆಳಕು ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಕುಗ್ಗುತ್ತದೆ. ರಾತ್ರಿ ಎದುರಿಗೆ ಲೈಟಿಲ್ಲದ ಎತ್ತಿನ ಗಾಡಿ ಬಂದಾಗ ಆ ಮೂರನೆಯ ಪಾಲಿನ ಬೆಲೆ ತಿಳಿಯುತ್ತದೆ.

ಈ ಕಾಲು ಓಮ್ ಬರುವುದು ಹೆಚ್ಚಾಗಿ ಕಿಲುಬಿನಿಂದ. ಹಾನಗಲ್ಲ ತಾಲೂಕಿನ ತಿಳವಳ್ಳಿಯಂಥ ಅರೆಮಲೆನಾಡಿನ ಊರುಗಳಲ್ಲಿ ಜೂನಿನಿಂದ ಮಳೆ ಹಿಡಿದರೆ ಗಾಳಿಯ ತೇವ ತಿಂಗಳುಗಟ್ಟಲೆ ಆರುವುದಿಲ್ಲ. ಹೋಲ್ಡರಿನ ಹಿಂದಿನ ರಬ್ಬರ್ ಟೋಪಿ ಬಿರಿದಿದ್ದರೆ ನೀರು ಒಳಗಿಳಿದು ತಾಮ್ರಕ್ಕೆ ಹಸಿರು ಕಿಲುಬು, ಕಬ್ಬಿಣದ ಸ್ಕ್ರೂಗೆ ತುಕ್ಕು ಹಿಡಿಯುತ್ತದೆ. ವೈರಿನ ಮೇಲ್ಸಿಪ್ಪೆ ಚೆನ್ನಾಗಿಯೇ ಕಾಣುತ್ತಿರುತ್ತದೆ. ತುದಿಯನ್ನು ಒಂದಿಂಚು ಕೊಯ್ದು ನೋಡಿದರೆ ಎಳೆಗಳು ಕಪ್ಪಾಗಿ, ಬೆರಳಲ್ಲಿ ತಿಕ್ಕಿದರೆ ಪುಡಿಯಾಗುವಂತಿರುತ್ತವೆ. ಭತ್ತದ ಹುಲ್ಲಿನ ಬಣವೆಯ ಪಕ್ಕ ಕಾರು ನಿಲ್ಲಿಸುವ ಕಡೆ ಇಲಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇಲಿ ಕಡಿದ ವೈರು ಪೂರ್ತಿ ತುಂಡಾಗದೆ ಎರಡೇ ಎಳೆಯಲ್ಲಿ ನೇತಾಡುತ್ತಿದ್ದರೆ ಪತ್ತೆಹಚ್ಚುವುದು ಕಷ್ಟ.

ಅರ್ಥ್ ಕಡಿದಿದೆ ಎಂಬುದಕ್ಕೆ ಒಂದು ನಿಚ್ಚಳ ಗುರುತಿದೆ. ಡಿಮ್ ಹಾಕಿದಾಗ ಡ್ಯಾಶ್‌ಬೋರ್ಡಿನಲ್ಲಿ ಹೈಬೀಮ್ ಸೂಚಿಸುವ ನೀಲಿ ದೀಪ ಮಸುಕಾಗಿ ಹೊತ್ತಿಕೊಳ್ಳುತ್ತದೆ, ಕೆಟ್ಟ ಬದಿಯ ಬಲ್ಬಿನ ಎರಡೂ ತಂತು ಕೆಂಪಗೆ ಕಾಣುತ್ತವೆ. ಮರಳುವ ದಾರಿ ಸಿಗದ ಕರೆಂಟು ಡಿಮ್ ತಂತುವಿನಿಂದ ಹೈಬೀಮ್ ತಂತುವಿಗೆ ಹಿಮ್ಮುಖವಾಗಿ ನುಗ್ಗಿ, ಆ ವೈರಿನ ಮೂಲಕ ಇನ್ನೊಂದು ದೀಪಕ್ಕೂ ನೀಲಿ ದೀಪಕ್ಕೂ ಹೋಗಿ ಅರ್ಥ್ ಹುಡುಕಿಕೊಳ್ಳುವುದರಿಂದ ಹೀಗಾಗುತ್ತದೆ.

ಪರೀಕ್ಷೆಯನ್ನು ಲೈಟು ಉರಿಯುತ್ತಿರುವಾಗಲೇ ಮಾಡಬೇಕು. ಕಪ್ಲರ್ ಬಿಚ್ಚಿ ಮೀಟರು ಹಿಡಿದರೆ ಒಂದೇ ಎಳೆ ಉಳಿದ ವೈರೂ ಪೂರಾ 12 ವೋಲ್ಟ್ ತೋರಿಸುತ್ತದೆ. ಹೊರೆ ಬಿದ್ದಾಗ ಮಾತ್ರ ಅದರ ಬಣ್ಣ ಬಯಲಾಗುತ್ತದೆ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್‌ಗೆ, ಇನ್ನೊಂದನ್ನು ಬಲ್ಬಿನ ಉರಿಯುವ ಪಿನ್ನಿಗೆ ಹಿಂಬದಿಯಿಂದ ಚುಚ್ಚಿ ಹಿಡಿದರೆ ಹೋಗುವ ದಾರಿಯಲ್ಲಿ ಕಳೆದದ್ದೆಷ್ಟು ಎಂದು ನೇರವಾಗಿ ಕಾಣುತ್ತದೆ. ಅರ್ಧ ವೋಲ್ಟಿಗಿಂತ ಹೆಚ್ಚಿದ್ದರೆ ಫ್ಯೂಸಿನ ಹಿಡಿಕೆ, ಸ್ವಿಚ್ಚು, ಡಿಪ್ಪರ್ ಒಂದೊಂದನ್ನೇ ಹೀಗೆ ಅಳೆಯುತ್ತ ಹೋಗಬೇಕು. ನೆಗೆಟಿವ್‌ನಿಂದ ಅರ್ಥ್ ಪಿನ್ನಿಗೆ ಹಿಡಿದಾಗ 0.2 ವೋಲ್ಟ್ ದಾಟಬಾರದು.

ಮೀಟರಿಲ್ಲದ ಊರಲ್ಲಿ ಒಂದು ದಪ್ಪ ವೈರೇ ಸಾಕು. ಬ್ಯಾಟರಿಯ ನೆಗೆಟಿವ್‌ನಿಂದ ಎಳೆದು ಬಲ್ಬಿನ ಅರ್ಥ್ ಪಿನ್ನಿಗೆ ಮುಟ್ಟಿಸಿ. ಹಳದಿಯಾಗಿದ್ದ ಬೆಳಕು ಥಟ್ಟನೆ ಬೆಳ್ಳಗಾದರೆ ದೋಷ ಸಿಕ್ಕಿತು.

ಸರಿಪಡಿಸುವಾಗ ಕಿಲುಬನ್ನು ಪಾಲಿಶ್ ಪೇಪರಿನಲ್ಲಿ ತಿಕ್ಕಿ ಬಿಟ್ಟರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಪಾಡು. ಕೆಟ್ಟ ತುದಿಯನ್ನು ಕತ್ತರಿಸಿ ಹೊಸ ಟರ್ಮಿನಲ್ ಒತ್ತಿ, ಎರಡೂ ದೀಪಗಳ ಅರ್ಥನ್ನು 2.5 ಚದರ ಮಿಲಿಮೀಟರಿನ ವೈರಿನಲ್ಲಿ ಚಾಸಿಗೆ, ಇಲ್ಲವೆ ನೇರವಾಗಿ ಬ್ಯಾಟರಿಗೇ ತರುವುದು ಒಳ್ಳೆಯದು. ಚಾಸಿಗೆ ಕೂರಿಸುವಲ್ಲಿ ಪೇಂಟು ಕೆರೆದು, ಬಿಗಿದ ಮೇಲೆ ಗ್ರೀಸ್ ಹಚ್ಚಬೇಕು. ಬ್ಯಾಟರಿ, ಎಂಜಿನ್, ಚಾಸಿಗಳ ನಡುವಿನ ಹೆಣೆದ ಅರ್ಥ್ ಪಟ್ಟಿಯನ್ನೂ ಇದೇ ಸಲ ನೋಡುವುದು ಲೇಸು.

ಹಳೆಯ ಕಾರುಗಳಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟು ಸ್ವಿಚ್ಚಿನೊಳಗೇ ಹಾಯುತ್ತಿದ್ದುದುಂಟು. ಅಂಥಲ್ಲಿ 100/90 ವ್ಯಾಟಿನ ಬಲ್ಬ್ ಹಾಕಿದರೆ ಹೈಬೀಮಿನಲ್ಲಿ ಎರಡೂ ದೀಪ ಸೇರಿ 16 ಆಂಪಿಯರ್ ದಾಟಿ ಸ್ವಿಚ್ಚಿನ ಒಳಭಾಗ ಕರಗುತ್ತದೆ. ಸಿಗದ ಸ್ವಿಚ್ಚನ್ನು ಉಳಿಸಿಕೊಳ್ಳಲು ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ರಿಲೇಯೇ ಸರಿಯಾದ ದಾರಿ. ರಿಲೇಯ ಪಿನ್ನುಗಳ ಮೇಲಿನ ಅಂಕಿಗಳಂತೆ ಬ್ಯಾಟರಿಯಿಂದ ಫ್ಯೂಸ್ ಮೂಲಕ 30ಕ್ಕೆ, 87ರಿಂದ ಬಲ್ಬಿಗೆ, ಹಳೆಯ ಸ್ವಿಚ್ಚಿನ ವೈರು 86ಕ್ಕೆ, 85 ಅರ್ಥಿಗೆ. ಡಿಮ್‌ಗೊಂದು, ಹೈಬೀಮಿಗೊಂದು ರಿಲೇ ಬೇಕು. ಆಮೇಲೆ ಸ್ವಿಚ್ಚಿನ ಮೇಲೆ ಬೀಳುವುದು ರಿಲೇ ಸುರುಳಿ ಎಳೆಯುವ ಅರ್ಧ ಆಂಪಿಯರಿಗೂ ಕಡಿಮೆ ಹೊರೆ. ಕಾರಿನ ಮೂಲ ವೈರಿಂಗನ್ನು ಕತ್ತರಿಸದೆ ಈ ಹೊಸ ಸರಂಜಾಮನ್ನು ಬ್ಯಾಟರಿಯ ಪಕ್ಕ ಸೇರಿಸಬಹುದು. ಬೇಡವಾದಾಗ ಬಿಚ್ಚಿಡಲೂ ಬಹುದು.